ಅಣ್ಣನ ಎಡಗಡೆಯ ಸೀಟು

ಚಿತ್ತಾಪುರದಿಂದ ಶಹಾಬಾದಿಗೆ ಬರುವ ಸಂಜೆಯ ಬಸ್ಸಿನಲ್ಲಿ ನನಗೊಂದು ಕೆಟ್ಟ ಚಾಳಿ ಇದೆ. ಕಿಟಕಿಯ ಪಕ್ಕ ಕೂತು ಕಿಲೋಮೀಟರ್ ಕಲ್ಲು ಎಣಿಸುತ್ತೇನೆ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ, ಮನಸ್ಸಿನಲ್ಲೇ ಭಾಗಿಸಿ, ಬಸ್ಸಿನ ಸರಾಸರಿ ವೇಗ ತೆಗೆಯುತ್ತೇನೆ. ಅದು ಮನಸ್ಸಿನಲ್ಲೇ ಉಳಿದರೆ ಯಾರಿಗೂ ತೊಂದರೆ ಇಲ್ಲ. ಬಾಯಿ ಸುಮ್ಮನಿರಬೇಕಲ್ಲ! ಮೊನ್ನೆ, "ಮುಂದ ಎಡಕ್ಕ, ಆಮ್ಯಾಲ ಸೀದಾ" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಮೆಲ್ಲಗೆ ತೊಡೆಯ ಮೇಲೆ ಎಳೆದುಕೊಂಡಳು.

ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ನಕ್ಕು ಹತ್ತಿರ ಬಂದ. "ಟೀಚರ್, ಡ್ರೈವರಗ ದಾರಿ ಗೊತ್ತದರಿ."

"ಮೂರು ನಿಮಿಷ ಲೇಟ್ ಅದಾನಲ್ಲಪ್ಪ ನಿಮ್ಮ ಡ್ರೈವರು."

"ಮನ್ಯಾಗ ಯಾರರ ಕಾಯ್ಲಿಕತ್ತಾರೇನ್ರಿ?"

"ಇಲ್ಲ."

"ಮತ್ತ ಲೇಟಾದ್ರ ಏನಾಯ್ತು ಬಿಡ್ರಿ ಟೀಚರ್" ಎಂದು ಟಿಕೇಟಿನ ಮಷಿನ್ನು ಹಿಡಿದು ಮುಂದಕ್ಕೆ ಹೋದ.

ಹುಡುಗ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗಣಿತದಲ್ಲಿ ಅವನು ಹುಷಾರಿದ್ದ. ಉತ್ತರವನ್ನು ನೇರವಾಗಿ ಬರೆಯುವ ಅಭ್ಯಾಸ ಆಗಲೂ ಇತ್ತು. ನಾನು ಉಳಿದ ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡು ಕೂತೆ. ಕಲ್ಲು ಎಣಿಸುವುದನ್ನು ಮಾತ್ರ ಬಿಡಲಾಗಲಿಲ್ಲ.

ಈ ಚಾಳಿ ಎಲ್ಲಿಂದ ಹತ್ತಿತೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಐವತ್ತು ದಾಟಿದ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನೋಡುವ ಈ ಮಹಾನಂದಾ ಟೀಚರು ಹದಿನೆಂಟು ವರ್ಷ ಮೋಟಾರು ರ‍್ಯಾಲಿಗಳಲ್ಲಿ ಓಡಿದವಳು. ಓಡಿಸಿದವಳಲ್ಲ. ಓಡಿಸುತ್ತಿದ್ದವನು ನನ್ನ ಅಣ್ಣ ಶರಣಪ್ಪ. ನಾನು ಅವನ ಎಡಗಡೆಯ ಸೀಟಿನಲ್ಲಿ ಕೂತು, ಮಡಿಲಲ್ಲಿ ದಾರಿಯ ಕಾಗದ ಹರವಿಕೊಂಡು, ಎಲ್ಲಿ ತಿರುಗಬೇಕು, ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಹೇಳುತ್ತಿದ್ದವಳು.

ನಮ್ಮಪ್ಪ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡು. ಮನೆಯಲ್ಲಿ ಅನ್ನಕ್ಕಿಂತ ಮೊದಲು ಟೈಮಿನ ಮಾತು ಬರುತ್ತಿತ್ತು. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ, ಅಪ್ಪ ಡ್ಯೂಟಿಗೆ ಹೋದ ಕೂಡಲೇ ಅಪ್ಪನ ಹಳೆಯ ಮೋಟರ್‌ಸೈಕಲ್ಲನ್ನು ಕ್ವಾರ್ಟರ್ಸಿನ ಹಿಂದಿನ ಬಾಗಿಲಿನಿಂದ ತಳ್ಳಿಕೊಂಡು ಹೋಗುತ್ತಿದ್ದ. ಊರಾಚೆ ಕೆಲಸ ನಿಂತುಹೋದ ಒಂದು ಕಲ್ಲಿನ ಖಣಿ ಇತ್ತು. ಅದರ ಸುತ್ತ ಗಾಡಿ ಸುತ್ತಿಸುವುದು ಅವನ ಕೆಲಸ. ಒಡೆದ ಫರಸಿ ಕಲ್ಲುಗಳ ಗುಡ್ಡೆಯ ಮೇಲೆ ಕೂತು ಅಪ್ಪನ ಗಡಿಯಾರ ನೋಡಿ ಸುತ್ತಿಗೆಷ್ಟು ಹೊತ್ತು ಎಂದು ಕೂಗುವುದು ನನ್ನ ಕೆಲಸ. ಫ್ರಾಕಿನ ಹಿಂಭಾಗವೆಲ್ಲ ಬಿಳಿ ಧೂಳು. ಅವ್ವ ಅದನ್ನು ನೋಡಿಯೇ ನಾವು ಎಲ್ಲಿ ಹೋಗಿದ್ದೆವೆಂದು ಹಿಡಿಯುತ್ತಿದ್ದಳು.

ಒಮ್ಮೆ ಯಾರೋ ಅಣ್ಣನ ಕಿವಿಯಲ್ಲಿ ಊದಿದರು, ಹಿಂದಿನ ಕಾಲದ ರೇಸಿನ ಗಾಡಿಗಳಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಾಕುತ್ತಿದ್ದರೆಂದು. ಅವ್ವ ತವರಿನಿಂದ, ಕುರಕುಂಟಾದಿಂದ, ದೀಪಕ್ಕೂ ನಮ್ಮ ತಲೆಗೂ ಎಂದು ತಂದಿಟ್ಟುಕೊಂಡಿದ್ದ ಡಬ್ಬಿಯಲ್ಲಿ ಅರ್ಧ ಎಣ್ಣೆ ಪೆಟ್ರೋಲ್ ಟಾಕಿಗೆ ಹೋಯಿತು. ಗಾಡಿ ಕೆಮ್ಮಿತು, ಸೀನಿತು, ಆಮೇಲೆ ಹೊರಟಿತು. ಬಿಳಿ ಹೊಗೆ ಕ್ವಾರ್ಟರ್ಸಿನ ಸಾಲು ಪೂರ್ತಿ ಹಬ್ಬಿತು. ಆಚೆಮನೆಯ ತೆಲುಗು ಅಮ್ಮ ಬಾಗಿಲಿಗೆ ಬಂದು, "ಏನ್ ಕರೀಲಿಕತ್ತೀರಿ ಅಕ್ಕಾ, ಘಮಘಮ ಅನ್ನಾಕತ್ತದ" ಎಂದು ಅವ್ವನನ್ನು ಕೇಳಿದಳು. ಅಂದು ರಾತ್ರಿ ನಮ್ಮಿಬ್ಬರ ಬೆನ್ನಿಗೆ ಬಿದ್ದ ಏಟಿನ ಲೆಕ್ಕ ಬಿಡಿ. ಈಗ ಹೊರದೇಶದ ದೊಡ್ಡ ಓಟಗಳಲ್ಲೂ ಗಿಡಮರಗಳಿಂದ ತೆಗೆದ ಎಣ್ಣೆ, ಗಾಳಿಯಲ್ಲಿನ ಇಂಗಾಲ ಹಿಡಿದು ಮಾಡಿದ ಎಣ್ಣೆ ಎಂದೆಲ್ಲ ಓದುವಾಗ ಅವ್ವ ಇರಬೇಕಿತ್ತು ಅನ್ನಿಸುತ್ತದೆ. ಏಟು ವಾಪಸು ಕೊಡುವವಳಲ್ಲ. ಆದರೆ ಡಬ್ಬಿಯ ಮಾತು ತೆಗೆಯದೆ ಬಿಡುತ್ತಿರಲಿಲ್ಲ.

ಮುಂದೆ ಅಣ್ಣ ವಾಡಿಯಲ್ಲೇ ಗ್ಯಾರೇಜು ತೆಗೆದ. ನಾನು ಚಿತ್ತಾಪುರದ ಶಾಲೆಗೆ ಸೇರಿ, ಶಹಾಬಾದಿನಲ್ಲಿ ಒಂದು ಸಣ್ಣ ಮನೆ ಹಿಡಿದೆ. ಮದುವೆ ಒದಗಲಿಲ್ಲ. ಒದಗದ್ದಕ್ಕೆ ಕಾರಣ ಹುಡುಕುವ ವಯಸ್ಸೂ ದಾಟಿತು. ಆ ಹೊತ್ತಿಗೆ ಅಣ್ಣ ಎಲ್ಲಿಂದಲೋ ಒಂದು ಹಳೆಯ ಡೀಸೆಲ್ ಜೀಪು ತಂದು, ಬಿಚ್ಚಿ, ಜೋಡಿಸಿ, "ನಂದಾ, ಕಲಬುರಗಿ ಕ್ಲಬ್ಬಿನವರು ರ‍್ಯಾಲಿ ಮಾಡ್ತಾರಂತ. ಲೆಕ್ಕ ಬರೋರು ಒಬ್ಬರು ಬೇಕು. ಬರ್ತೀಯೇನು?" ಎಂದು ಕೇಳಿದ. ಕೇಳಿದ್ದೇ ತಡ, ನಾನು ಹೊಸ ಪೆನ್ಸಿಲ್ ಕೊಂಡೆ.

ಓಟ ಎಂದರೆ ಎಲ್ಲರಿಗಿಂತ ಮುಂದೆ ಹೋಗುವುದು ಎಂದುಕೊಂಡವರಿಗೆ ನಮ್ಮ ರ‍್ಯಾಲಿ ನೋಡಿ ನಿರಾಸೆಯಾಗುತ್ತದೆ. ಸೇಡಂನಲ್ಲಿ ಹೊರಟು, ಸುಲೇಪೇಟ, ಚಿಂಚೋಳಿ ಹಾದು, ಚಂದ್ರಂಪಳ್ಳಿಯ ಕೆರೆಯಾಚೆಯ ಕಾಡಿನ ತನಕ ಹೋಗಿ ತಿರುಗಿ ಬರುವುದು. ಇಂಥ ಜಾಗಕ್ಕೆ ಇಂಥ ನಿಮಿಷಕ್ಕೆ ಮುಟ್ಟಬೇಕೆಂದು ಕಾಗದದಲ್ಲಿ ಬರೆದಿರುತ್ತದೆ. ತಡವಾದರೂ ದಂಡ, ಬೇಗ ಬಂದರೂ ದಂಡ. ಗಾರ್ಡಿನ ಮಕ್ಕಳಿಗೆ ಇದಕ್ಕಿಂತ ಬೇರೆ ಆಟ ಬೇಕೆ?

"ಎಷ್ಟದ?" ಅಣ್ಣ ಕೇಳುವನು.

"ನಾಲ್ಕು ಸೆಕೆಂಡ್ ಹಿಂದ."

"ಈಗ?"

"ಒಂದು ಮುಂದ. ಕಾಲು ತೆಗಿ."

ಇಡೀ ದಿನ ಜೀಪಿನಲ್ಲಿ ನಮ್ಮ ಮಾತು ಇಷ್ಟೇ. ವರ್ಷದ ಉಳಿದ ದಿನಗಳಲ್ಲಿ ಅವನಿಗೆ ಅವನ ಸಂಸಾರ, ನನಗೆ ನನ್ನ ಉತ್ತರಪತ್ರಿಕೆ. ಆದರೂ ಆ ಒಂದು ದಿನದಲ್ಲಿ ನನ್ನ ಮಾತಿನ ಮೇಲೆ ಒಬ್ಬ ಮನುಷ್ಯ ಕಣ್ಣು ಮುಚ್ಚಿ ತಿರುವಿಗೆ ಗಾಡಿ ಹಾಕುತ್ತಿದ್ದ. ಅಷ್ಟು ನಂಬಿಕೆ ನನಗೆ ಬೇರೆ ಯಾರಿಂದಲೂ ಸಿಕ್ಕಿಲ್ಲ.

ನಿಯಮಗಳು ಒಂದೊಂದಾಗಿ ಬಂದವು. ಮೊದಲು ಚಂದ್ರಂಪಳ್ಳಿಯಾಚೆಯ ಕಾಡಿನ ದಾರಿ ಮುಚ್ಚಿತು. ಗೇಟಿನಿಂದ ಒಳಗೆ ಇಂಜಿನ್ ಸಪ್ಪಳ ಕೂಡದು ಎಂದರು. ಅಣ್ಣ ಅಂದು ಗೇಟಿನ ಮುಂದೆ ಜೀಪು ನಿಲ್ಲಿಸಿ ಬೇಜಾರಿನಿಂದ ಬುತ್ತಿ ಬಿಚ್ಚಿದ. ನಾವು ರೊಟ್ಟಿ ತಿನ್ನುತ್ತಿದ್ದಾಗ ಮೂರು ನವಿಲು ದಾರಿ ದಾಟಿದವು. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಿದ್ದೆವು, ಒಂದನ್ನೂ ನೋಡಿರಲಿಲ್ಲ. "ನಮ್ಮ ಸಪ್ಪಳಕ್ಕ ಓಡಿ ಹೋಗ್ತಿದ್ವು ಕಾಣ್ತದ" ಎಂದು ಅಣ್ಣ ಸಣ್ಣ ದನಿಯಲ್ಲಿ ಅಂದ.

ಕೆಲವು ವರ್ಷಗಳ ಮೇಲೆ ಹೊಗೆ ಪರೀಕ್ಷೆ ಬಂತು. ಇದಕ್ಕೆ ಮಾತ್ರ ಅವನು ಸಿಟ್ಟಾದ. "ಇಲ್ಲಿ ಊರ ತುಂಬ ಸಿಮೆಂಟ್ ಧೂಳಿ ಅದ. ಗಿಡದ ಎಲಿ ಬೆಳ್ಳಗಾಗ್ಯಾವ. ವರ್ಷಕ್ಕ ಒಂದಿನ ಓಡೂ ನನ್ನ ಜೀಪಿನ ಹೊಗೀನೇ ಕಾಣ್ತದೇನು ಇವ್ರಿಗೆ?" ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ತರಗತಿಯಲ್ಲಿ ಮುಂದಿನ ಬೆಂಚಿನ ಮಕ್ಕಳು ಕೆಮ್ಮುವುದನ್ನು ದಿನಾ ಕೇಳುವವಳು ನಾನು. ನಿಯಮ ಸರಿ ಎಂದು ನನಗೆ ಗೊತ್ತಿತ್ತು. ಜೀಪಿನ ಹೊಗೆಯ ವಾಸನೆ ನನಗೆ ಪ್ರಾಣ ಎಂಬುದೂ ಗೊತ್ತಿತ್ತು.

ಪರೀಕ್ಷೆ ಹೀಗೆ. ಸೇಡಂನಲ್ಲಿ ಹೊರಡುವ ಮೊದಲು ಹೊಗೆ ಅಳೆದು, ಪಾಸಾದ ಗಾಡಿಯ ಡೀಸೆಲ್ ಪಂಪಿನ ಸ್ಕ್ರೂಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತುತ್ತಿದ್ದರು. ಆ ಸ್ಕ್ರೂ ತಿರುವಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಗಾಡಿಗೆ ಕಸುವು ಬರುತ್ತದೆ, ಹಿಂದೆ ಕರಿ ಹೊಗೆ ಏಳುತ್ತದೆ. ನಾವಿಬ್ಬರೂ ಕೊನೆಯದಾಗಿ ಓಡಿದ ವರ್ಷ ಅಣ್ಣ ಸ್ಕ್ರೂ ಇಳಿಸಿ ಪಾಸು ಮಾಡಿಸಿದ್ದ. ಸುಲೇಪೇಟದ ತನಕ ನಾವು ಚೆನ್ನಾಗಿಯೇ ಇದ್ದೆವು. ಅಲ್ಲಿ ಹತ್ತು ನಿಮಿಷದ ಬಿಡುವು. ನಾನು ಎರಡು ಕಪ್ಪು ಚಹಾ ಹಿಡಿದುಕೊಂಡು ಬಂದಾಗ ಅಣ್ಣ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಕೈಯಲ್ಲಿ ಇಕ್ಕಳ. ಕಡಿದ ತಂತಿಯನ್ನು ಮೊದಲಿನ ಹಾಗೆ ಕಾಣುವಂತೆ ಸುತ್ತುತ್ತಿದ್ದ.

"ಏನ್ ಮಾಡಾಕತ್ತೀದಿ ಅಣ್ಣಾ?"

"ಚಿಂಚೋಳಿ ದಾಟಿದ ಮ್ಯಾಲ ಏರು ಅದ. ಹಿಂಗ ಉಸುರುಗಟ್ಟಿಸಿಕೊಂಡು ಏರೂದಿಲ್ಲ ಇದು" ಎಂದು ಚಹಾ ತೆಗೆದುಕೊಂಡ. ನನ್ನ ಮುಖ ನೋಡಲಿಲ್ಲ.

ಅಲ್ಲೇ ನಾನು ಹೇಳಬೇಕಿತ್ತು. ಆಗಲೇ ಹೇಳಿದ್ದರೆ ಅವನು ಬೈದು, ಸಿಟ್ಟಾಗಿ, ಗಾಡಿ ತಿರುಗಿಸಿ ಮನೆಗೆ ಹೋಗುತ್ತಿದ್ದ. ನಾಲ್ಕು ಜನರ ಮುಂದೆ ಅವಮಾನ ಆಗುತ್ತಿರಲಿಲ್ಲ. ನಾನು ಹೇಳಲಿಲ್ಲ. ಸೀಟಿನಲ್ಲಿ ಕೂತು, "ಎರಡು ಹಿಂದ, ಒಂದು ಹಿಂದ, ಸರಿ ಅದ" ಎಂದು ಲೆಕ್ಕ ಒಪ್ಪಿಸುತ್ತ ಹೋದೆ. ಅಂದು ನನ್ನ ಒಂದು ಸೆಕೆಂಡೂ ತಪ್ಪಲಿಲ್ಲ. ಏರಿನಲ್ಲಿ ಕನ್ನಡಿ ನೋಡಿದೆ. ಕಟ್ಟಿಗೆಯ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆಯ ಅಂಚಿಗೆ ನಿಂತು, ಒಂದು ಕೈಯಿಂದ ಹೊರೆ ಹಿಡಿದು ಇನ್ನೊಂದು ಕೈಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು. ಕರಿ ಹೊಗೆ ಅವಳನ್ನು ಮುಚ್ಚಿತು. ಆಮೇಲೆ ತಿರುವು ಬಂತು.

ಸೇಡಂಗೆ ಮರಳಿದಾಗ ಎಲ್ಲರಿಗೂ ಗೊತ್ತಾಗಿತ್ತು, ಆ ವರ್ಷ ನಾವೇ ಮೊದಲು. ಹದಿನೆಂಟು ವರ್ಷದಲ್ಲಿ ಮೊದಲನೇ ಸಲ. ಕ್ಲಬ್ಬಿನ ಕಾರ್ಯದರ್ಶಿ ಕಲಬುರಗಿಯ ಒಬ್ಬ ಹಿರಿಯ ವಕೀಲರು. ಅವರು ಮೇಜಿನ ಮೇಲೆ ಒಂದು ಕಾಗದ ಇಟ್ಟರು: ದಾರಿಯಲ್ಲಿ ಮುದ್ರೆ ಮುಟ್ಟಿಲ್ಲ ಎಂಬ ಹೇಳಿಕೆ. ಗಾಡಿ ಓಡಿಸಿದವರದೊಂದು ಸಹಿ, ದಾರಿ ಹೇಳಿದವರದೊಂದು. ಅಣ್ಣ ಸರಸರ ಗೀಚಿ ಪೆನ್ನು ನನ್ನ ಕೈಗೆ ಕೊಟ್ಟ.

"ಇಲ್ಲಿರಿ ಟೀಚರ್" ಎಂದು ವಕೀಲರು ಬೆರಳಿಟ್ಟು ತೋರಿಸಿದರು.

ನಾನು ಪೆನ್ನು ಹಿಡಿದೆ. ಕೈ ಬರಲಿಲ್ಲ. ಎಷ್ಟು ಸಾವಿರ ಮಕ್ಕಳಿಗೆ ಕಾಪಿ ಮಾಡಬೇಡಿ ಎಂದು ಹೇಳಿದ ಬಾಯಿ ಇದು ಎಂಬಂಥ ದೊಡ್ಡ ಯೋಚನೆ ಏನೂ ಬರಲಿಲ್ಲ. ಸೆರಗು ಒತ್ತಿಕೊಂಡ ಆ ಹೆಂಗಸು ಕಣ್ಣ ಮುಂದೆ ಬಂದಳು, ಅಷ್ಟೇ. ಪೆನ್ನನ್ನು ಕಾಗದದ ಮೇಲೆ ಇಟ್ಟೆ. "ನಾ ಸಹಿ ಮಾಡೂದಿಲ್ಲರಿ" ಅಂದೆ.

ವಕೀಲರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು. ಎದ್ದು ಹೋಗಿ ಜೀಪಿನ ಬಾನೆಟ್ಟು ಎತ್ತಿದರು. ನಮ್ಮ ಮೊದಲ ಸ್ಥಾನ ಅಲ್ಲಿಗೇ ಹೋಯಿತು.

ಸೇಡಂನಿಂದ ಶಹಾಬಾದಿನ ತನಕ ಅಣ್ಣ ಎಲ್ಲೂ ನಿಲ್ಲಿಸದೆ ಓಡಿಸಿದ. ನನ್ನ ಮನೆಯ ಮುಂದೆ ಜೀಪು ನಿಂತಿತು. ನಾನು ಇಳಿದ ಮೇಲೆ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಮುಂದೆ ನೋಡುತ್ತ ಕೇಳಿದ: "ಜಗತ್ತಿಗೆಲ್ಲ ಅಕ್ಷರ ಕಲಿಸ್ತಿ. ಅಣ್ಣನ ಸಲುವಾಗಿ ನಿನ್ನ ಹೆಸರು ಬರೀಲಿಕ್ಕ ಬರಲಿಲ್ಲೇನು ನಿನಗ?"

ಕೇಳಿದವನೇ ಗೇರು ಹಾಕಿ ಹೊರಟುಹೋದ.

ಆಮೇಲೆ ಮೂರು ವರ್ಷ. ಹಬ್ಬಕ್ಕೆ ಸುವರ್ಣಾ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನ್ ಮಾಡುವರು, ಹೋಳಿಗೆ ಕಳಿಸುವರು. ಅಣ್ಣ ಹೇಗಿದ್ದಾನೆಂದರೆ "ಅದಾರ" ಎನ್ನುವರು. ರ‍್ಯಾಲಿಯ ದಿನ ಬಂದರೆ ನಾನು ಬೇಕೆಂದೇ ಉತ್ತರಪತ್ರಿಕೆಯ ಕಟ್ಟು ಬಿಚ್ಚಿ ಕೂಡುತ್ತಿದ್ದೆ. ಸತ್ಯ ಹೇಳಿದವರಿಗೆ ಸಮಾಧಾನದ ನಿದ್ದೆ ಬರುತ್ತದೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ನಿದ್ದೆ ಬಂತು, ನಿಜ. ಎದ್ದ ಮೇಲೆ ಮಾತಾಡಲು ಯಾರೂ ಇರಲಿಲ್ಲ.

ಈ ವರ್ಷ ವಕೀಲರು ತಾವೇ ಫೋನ್ ಮಾಡಿದರು. "ಟೀಚರ್, ಚಂದ್ರಂಪಳ್ಳಿ ಗೇಟಿನ ಹತ್ರ ಕುಂತು ಗಾಡಿಗೋಳ ಟೈಮ್ ಬರೀಬೇಕು. ನೀವಽ ಆಗಬೇಕ್ರಿ. ನೀವು ಬರೆದ್ರ ಯಾರೂ ಎದುರು ಮಾತಾಡೂದಿಲ್ಲ."

ಇದು ಹೊಗಳಿಕೆ. ಆದರೆ ಅದನ್ನು ನಾನು ಗಳಿಸಿದ ಬಗೆ ನೆನಪಾಯಿತು. ಒಪ್ಪಿಕೊಂಡೆ. ಮರುದಿನ ವೈನಿಯಿಂದ ಗೊತ್ತಾಯಿತು, ಅಣ್ಣನೂ ಓಡುತ್ತಿದ್ದಾನೆ, ಅದೂ ಬ್ಯಾಟರಿ ಕಾರಿನಲ್ಲಿ. ಕ್ಲಬ್ಬಿನವರು ಕರೆಂಟಿನ ಗಾಡಿಗಳಿಗೆ ಬೇರೆ ವಿಭಾಗ ತೆಗೆದಿದ್ದಾರಂತೆ. ಅದರಲ್ಲಿ ಪಕ್ಕದ ಸೀಟಿಗೆ ಜನ ಬೇಕೇಬೇಕೆಂದಿಲ್ಲ. ಭಾರ ಕಡಿಮೆಯಾದಷ್ಟೂ ಚಾರ್ಜು ಉಳಿಯುತ್ತದೆ. ದಾರಿಯನ್ನು ಫೋನೇ ಹೇಳುತ್ತದೆ.

ಚಂದ್ರಂಪಳ್ಳಿಯಲ್ಲಿ ನನಗೊಂದು ಮೇಜು, ಒಂದು ಕುರ್ಚಿ, ಒಂದು ಕೊಡೆ ಕೊಟ್ಟು ಇಳಿಸಿ ಹೋದರು. ಎದುರಿಗೆ ಕೆರೆಯ ನೀರು, ಹಿಂದೆ ಕಾಡು. ರಸ್ತೆಯ ಅಂಚಿಗೆ ಒಂದು ಹಳದಿ ಬೋರ್ಡು; ಗಾಡಿ ಅದನ್ನು ದಾಟಿದ ಕ್ಷಣವನ್ನೇ ನಾನು ಬರೆಯಬೇಕು. ಗಾಡಿಗಳು ಬಂದವು, ಸಮಯ ಬರೆದೆ, ಹೋದವು. ನಡುನಡುವೆ ದೀರ್ಘ ಮೌನ. ಜೀಪುಗಳಾದರೆ ಅರ್ಧ ಮೈಲಿ ದೂರದಿಂದಲೇ ಗೊತ್ತಾಗುತ್ತಿತ್ತು. ಬ್ಯಾಟರಿ ಕಾರು ಬಂದದ್ದು ನನಗೆ ತಿಳಿಯಲೇ ಇಲ್ಲ. ಅಂಕಿ ತಿದ್ದುತ್ತ ಬಗ್ಗಿದ್ದೆ. ಹಳದಿ ಬೋರ್ಡು ದಾಟಿದ ನೆರಳು ಕಂಡಿತು, ಗಡಿಯಾರ ನೋಡಿದೆ, ತಲೆ ಎತ್ತಿದೆ. ಬಿಳಿ ಕಾರಿನ ಕಿಟಕಿಯಿಂದ ಒಂದು ಕೈ ಟೈಮ್ ಕಾರ್ಡು ಚಾಚಿತ್ತು. ಉಗುರಿನ ಸಂದಿಯಲ್ಲಿ ಹೋಗದ ಕರಿ. ಆ ಕೈ ನನಗೆ ಗೊತ್ತಿತ್ತು.

"ಎಷ್ಟದ?" ಅಣ್ಣ ಕೇಳಿದ. ಮೂರು ವರ್ಷದ ಮೇಲಿನ ಮೊದಲ ಮಾತು.

ನಾನು ಕಾರ್ಡು ತೆಗೆದುಕೊಂಡೆ. ಇನ್ನೂ ಹನ್ನೊಂದು ಸೆಕೆಂಡು ಬೋರ್ಡಿನ ಆಚೆಗೇ ನಿಲ್ಲಬೇಕಿತ್ತು ಅವನು. ಅಲ್ಲಿ ನಾವಿಬ್ಬರೇ. ಹನ್ನೊಂದು ಸೆಕೆಂಡು ಎಂದರೆ ಏನು? ಒಂದು ಕೆಮ್ಮು, ಒಂದು ಕನ್ನಡಕ ಒರೆಸುವಷ್ಟು ಹೊತ್ತು. ಬರೆಯುವುದು ನನ್ನ ಕೈಯಲ್ಲಿತ್ತು.

"ಅಣ್ಣಾ, ಹನ್ನೊಂದು ಮುಂದ ಬಂದೀದಿ" ಅಂದೆ.

ಅವನು ನನ್ನನ್ನು ನೇರವಾಗಿ ನೋಡಿದ. ಕೂದಲು ಪೂರಾ ಬೆಳ್ಳಗಾಗಿತ್ತು. "ಬರಿ" ಅಂದ. "ಇದ್ದದ್ದಽ ಬರಿ."

ಬರೆದೆ. ಕಾರ್ಡು ಕೊಟ್ಟೆ. ನಿಯಮದ ಪ್ರಕಾರ ಅಲ್ಲಿ ಎರಡು ನಿಮಿಷ ನಿಂತು ಹೊರಡಬೇಕು. ಅವನು ಇಳಿಯಲಿಲ್ಲ; ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

"ಸಪ್ಪಳ ಇಲ್ಲದ ಗಾಡಿ" ಎಂದು ಅವನೇ ಶುರು ಮಾಡಿದ. "ಎಷ್ಟು ಜೋರ್ ಹೊಂಟೀನಿ ಅಂಬೋದೇ ತಿಳೀವಲ್ದು. ಜೀಪಿನ್ಯಾಗ ಕಿವೀಲೆ ಲೆಕ್ಕ ಹಿಡೀತಿದ್ದೆ."

"ದಾರಿ ಹೇಳೂ ಫೋನು?"

"ಆಕಿ ಚಿಂಚೋಳಿ ದಾಟಿದ ಮ್ಯಾಲ ಬಾಯಿ ಮುಚ್ಚಿದಳು. ಇಲ್ಲಿ ನೆಟ್‌ವರ್ಕ್ ಎಲ್ಲದ?"

ಇಬ್ಬರಿಗೂ ನಗು ಬಂತು. ಅರ್ಧಕ್ಕೇ ನಿಂತಿತು.

"ಜೀಪು?" ಕೇಳಿದೆ.

"ಹಿತ್ತಲದಾಗ ನಿಂತದ. ವಯಸ್ಸಾಯ್ತು, ಕಾಗದ ಮಾಡಿ ಕೊಡೂದಿಲ್ಲ ಅಂದ್ರು. ಗ್ಯಾರೇಜಿಗೆ ಬರೋವೆಲ್ಲ ಇನ್ನ ಮುಂದ ಇಂಥವೇ. ಕಲೀದೇ ಗತಿ ಇಲ್ಲ." ಸ್ಟೇರಿಂಗನ್ನು ಒಮ್ಮೆ ಸವರಿದ. "ಹೊಗಿ ಇಲ್ಲ, ಖರೇ. ಭಾಳ ಚಲೋ ಓಡ್ತದ. ಆದ್ರ ನಂದಾ, ಒಳಗ ಕುಂತ್ರ ಬಣಬಣ ಅನ್ನಸ್ತದ."

ಎಡಗಡೆಯ ಸೀಟಿನ ಮೇಲೆ ನೀರಿನ ಬಾಟಲಿಯೂ ಬುತ್ತಿಯ ಗಂಟೂ ಇದ್ದವು. ಅವನ್ನು ನಾನು ನೋಡಿದ್ದನ್ನು ಅವನು ನೋಡಿದ. ಸುವರ್ಣಾ ವೈನಿಯ ಮಂಡಿನೋವು ಹೇಗಿದೆ ಎಂದು ಕೇಳಿದೆ. ಉಂಡೆಯಾ ಎಂದು ಕೇಳಿದ. ಇನ್ನೂ ಇಲ್ಲ ಅಂದೆ. ನಿಜವಾಗಿ ಹೇಳಬೇಕಾದದ್ದು ಇಬ್ಬರ ಬಾಯಿಯಲ್ಲೂ ಇತ್ತು. ಸುಲೇಪೇಟದಲ್ಲೇ ಹೇಳಬೇಕಿತ್ತು ಅಣ್ಣಾ, ನನ್ನದೂ ತಪ್ಪು ಎಂದು ನಾನು ಬಾಯಿ ತೆರೆಯುವ ಹೊತ್ತಿಗೆ ಗಡಿಯಾರ ನೋಡಿದೆ. ಹತ್ತು ಸೆಕೆಂಡು ಉಳಿದಿತ್ತು. ಎಣಿಸಿ ಕಳಿಸುವುದು ಟೈಮ್ ಬರೆಯುವವರ ಕೆಲಸ.

"ಐದು" ಅಂದೆ. "ನಾಲ್ಕು. ಮೂರು. ಎರಡು. ಒಂದು."

ಯಾವಾಗಲೂ ಈ ಎಣಿಕೆ ಒಳಗಿನಿಂದ ಕೇಳಿದವಳು ನಾನು. ಅಣ್ಣ ತಲೆಯಾಡಿಸಿದ, ಕಾರು ಹೊರಟಿತು. ತಿರುವಿನ ತನಕ ಕಂಡಿತು. ಆಮೇಲೆ ಕೆರೆಯ ಗಾಳಿಯ ಸಪ್ಪಳ ಮಾತ್ರ.

ಎರಡು ದಿನದ ಮೇಲೆ ಸಂಜೆ ವೈನಿಯ ಫೋನ್ ಬಂತು. "ನಂದಾ, ನಿಮ್ಮಣ್ಣ ಎರಡನೇದು ಬಂದಾರ. ನಿನ್ನ ಹನ್ನೊಂದು ಸೆಕೆಂಡು ಇರಲಿಲ್ಲಂದ್ರ ಮೊದಲನೇದು ಇತ್ತಂತ."

"ಬೈಲಿಕತ್ತಾನೇನ್ರಿ ವೈನಿ?"

"ಬೈಯೂದೆಲ್ಲಿ! ಬಂದೋರಿಗೆಲ್ಲ ಹೇಳ್ತಾರ, ನನ್ನ ತಂಗಿ ಎರಡು ಸಲ ಸೋಲಿಸ್ಯಾಳ ನನ್ನ ಅಂತ."

"ಒಮ್ಮೆ ಅಣ್ಣನ ಕೈಯಾಗ ಕೊಡ್ರಿ."

ವೈನಿ ಗ್ಯಾರೇಜಿನ ಕಡೆ ಹೋಗಿ ಕರೆದರು. "ಕೈಯೆಲ್ಲ ಗ್ರೀಸ್ ಆಗ್ಯದ. ಆಮ್ಯಾಲ ಮಾಡ್ತೀನಂತ ಹೇಳು" ಎಂದು ದೂರದಿಂದ ಅಣ್ಣನ ದನಿ. "ಕೇಳಿಸ್ತಲ್ಲ?" ಎಂದರು ವೈನಿ. ಕೇಳಿಸಿತು ಅಂದೆ. ಅಷ್ಟರಲ್ಲಿ ಅವರ ಮನೆ ಬಾಗಿಲಿಗೆ ಯಾರೋ ಬಂದರು. ವೈನಿ ಫೋನನ್ನು ಎಲ್ಲೋ ಇಟ್ಟು ಹೋದರು, ಕಟ್ ಮಾಡುವುದನ್ನು ಮರೆತರು.

ನಾನೂ ಕಟ್ ಮಾಡಲಿಲ್ಲ. ಅಡಿಗೆಮನೆಯಲ್ಲಿ ಫೋನು ಕಿವಿಗೆ ಒತ್ತಿಕೊಂಡು ನಿಂತೆ. ಬೋಲ್ಟು ಬಿಚ್ಚುವ ಪಾನಾ ಫರಸಿಯ ನೆಲದ ಮೇಲೆ ಬಿದ್ದ ಸಪ್ಪಳ. ಅಣ್ಣನ ಕೆಮ್ಮು. ಯಾವುದೋ ಬೋಲ್ಟು ತುಕ್ಕು ಹಿಡಿದು ಕೂತಿರಬೇಕು. "ಬಾ ಮಗನ, ಬಾ, ಎಷ್ಟು ದಿನ ಹಿಂಗ ಕುಂಡ್ರತಿ" ಎಂದು ಅದನ್ನು ಬೈಯುತ್ತ, ರಮಿಸುತ್ತ ಇದ್ದ. ಒಲೆಯ ಮೇಲೆ ಹಾಲು ಉಕ್ಕಿ ಬಂತು. ಸಪ್ಪಳ ಮಾಡದೆ ಒಲೆ ಆರಿಸಿದೆ. ಬಹಳ ಹೊತ್ತು ಹಾಗೇ ಇದ್ದೆ. ಕೊನೆಗೆ ಆ ಕಡೆ ಕಿರ್ರೆಂದಿತು. "ಹಾಂ, ಬಂತು" ಅಂದ ಅಣ್ಣ.

"ಬಂತು" ಎಂದು ನಾನೂ ಇಲ್ಲಿಂದ ಮೆಲ್ಲಗೆ ಅಂದೆ. ಅವನಿಗೆ ಕೇಳಿಸಲಿಲ್ಲ.